ಮಾತಾಡದ ಮಕ್ಕಳು ಕಾಣಿಸಲಿ ಅಂತ ಹಿಡಿದ ಒಂದು ಹಾಳೆ

ಬೆಂಗಳೂರಿನ ಸರ್ಕಾರಿ ಶಾಲೆಗಳಿಗೆ ನಾನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ). ಅಂದರೆ ತರಗತಿ ನೋಡೋದು, ಶಿಕ್ಷಕರ ಜೊತೆ ಕೂತು ಮಾತಾಡೋದು ನನ್ನ ಕೆಲಸ. ನಮ್ಮ ಕಡೆ ಅಪಾರ್ಟ್‌ಮೆಂಟು ಏಳುತ್ತಲೇ ಇರುತ್ತವೆ. ಯಾದಗಿರಿ, ರಾಯಚೂರು, ಬಿಹಾರ, ಒಡಿಶಾ, ನೇಪಾಳದಿಂದ ಕೆಲಸಕ್ಕೆ ಬಂದವರ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇವರಲ್ಲಿ ಗಲಾಟೆ ಮಾಡುವವರು ಹೇಗೂ ಟೀಚರ್ ಕಣ್ಣಿಗೆ ಬೀಳುತ್ತಾರೆ. ಸುಮ್ನೆ ಕೂತವರದ್ದೇ ಕಷ್ಟ.

"ಆ ಮಗು ಏನೂ ತೊಂದರೆ ಕೊಡಲ್ಲ ಸರ್" ಅಂತ ಯಾರಾದರೂ ಹೇಳಿದರೆ ನಾನು ಅದರ ಪಕ್ಕವೇ ಹೋಗಿ ಕೂರುತ್ತೇನೆ. ಹೀಗೆ ನಾಲ್ಕನೇ ತರಗತಿಯಲ್ಲಿ ಒಡಿಶಾದ ಹುಡುಗಿಯೊಬ್ಬಳು ಸಿಕ್ಕಳು. ಬೋರ್ಡ್ ಮೇಲಿದ್ದದ್ದೆಲ್ಲ ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಇತ್ತು. 'ಮರ' ಎಲ್ಲಿದೆ ತೋರಿಸು ಅಂತ ಸನ್ನೆ ಮಾಡಿ ಕೇಳಿದೆ. ಬೆರಳು ಸಾಲಿನುದ್ದಕ್ಕೂ ಹೋಯಿತು, ಬಂತು, ಎಲ್ಲೂ ನಿಲ್ಲಲಿಲ್ಲ. ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸಿದ್ದಳು. ಇಡೀ ತರಗತಿ "ಅರ್ಥ ಆಯ್ತು ಮಿಸ್" ಅಂದಾಗ ಅವಳ ತುಟಿಯೂ ಆಡುತ್ತಿತ್ತು. ಅಷ್ಟು ದನಿಗಳ ನಡುವೆ ಟೀಚರಿಗೆ ಇದು ಹೇಗೆ ಗೊತ್ತಾಗಬೇಕು?

ಇದನ್ನು ಬಾಯಲ್ಲಿ ಹೇಳಿದರೆ ಶಿಕ್ಷಕರಿಗೆ ಬೇಜಾರಾಗುತ್ತದೆ. ಆಗಲೇಬೇಕು, ಅವರ ತಲೆ ಮೇಲೆ ಬೇರೆ ನೂರೆಂಟು ಕೆಲಸ ಇರುತ್ತದೆ. ಅದಕ್ಕೇ ಒಂದು ಹಾಳೆ ಹಿಡಿಯುತ್ತೇನೆ. ಮಕ್ಕಳು ಕೂತ ಜಾಗವನ್ನು ಚೌಕ ಚೌಕವಾಗಿ ಗುರುತಿಸುತ್ತೇನೆ. ಟೀಚರ್ ಒಂದು ಮಗುವನ್ನು ಹೆಸರಿಟ್ಟು ಕರೆದರೆ, ಪಕ್ಕ ನಿಂತು ಪುಸ್ತಕ ನೋಡಿದರೆ ಆ ಚೌಕಕ್ಕೆ ಒಂದು ಗೀಟು. ಮಗುವೇ ಏನಾದರೂ ಕೇಳಿದರೆ ಒಂದು ಸೊನ್ನೆ. ಬೆಲ್ ಹೊಡೆದ ಮೇಲೆ ಏನೂ ಹೇಳದೆ ಹಾಳೆ ಕೊಡುತ್ತೇನೆ. ಗೀಟುಗಳೆಲ್ಲ ಮುಂದಿನ ಸಾಲಲ್ಲಿ, ನಡುವಲ್ಲಿ ಗುಂಪಾಗಿರುತ್ತವೆ. "ಅಯ್ಯೋ, ಗೋಡೆ ಕಡೆಗೆ ಒಂದೂ ಇಲ್ವಲ್ಲ ಸರ್" ಅಂತ ಅವರೇ ಹೇಳುತ್ತಾರೆ. ಪಕ್ಕದ ತರಗತಿಯ ಟೀಚರೇ ಹಾಳೆ ಹಿಡಿದರೆ ಇನ್ನೂ ಒಳ್ಳೆಯದು. ನಾನು ಹಿಡಿದರೆ ತಪಾಸಣೆಯ ವಾಸನೆ ಬಂದೇ ಬರುತ್ತದೆ ಅಲ್ವಾ.

ಹಾಳೆ ನೋಡಿದ ಮರುದಿನ ಕೆಲವರು ಉತ್ಸಾಹದಲ್ಲಿ ಆ ಮಗುವನ್ನೇ ಎದ್ದು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಮಗು ಇನ್ನೂ ಮುದುಡುತ್ತದೆ. ಹೊಸ ಭಾಷೆಗೆ ಬಿದ್ದ ಮಗು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತಾ ಇರುವುದು ಸಹಜ. ಮೊದಲು ಬಾಯಿ ಬೇಡದ ಉತ್ತರ ಕೇಳಿ ಅನ್ನುತ್ತೇನೆ: ಕಾರ್ಡ್ ಎತ್ತಲಿ, ಸ್ಲೇಟಿನಲ್ಲಿ ಬರೆಯಲಿ. ಆ ಹುಡುಗಿಗೆ 36ಕ್ಕೆ 47 ಕೂಡಿಸಲು ಕನ್ನಡ ಬೇಕಿರಲಿಲ್ಲ. ಅಂಕಿ ನೋಡಿದ್ದೇ ತಡ, ಉತ್ತರ ಬರೆದಿಟ್ಟಳು. ಅವಳ ಮಿಸ್ ಬೇರೆ ಮಕ್ಕಳ ಸ್ಲೇಟು ತಿದ್ದುವ ಕೆಲಸ ಕೊಟ್ಟರು. ಅವಳ ಮೊದಲ ಕನ್ನಡ ಮಾತು ಬಂದದ್ದು ಅಲ್ಲೇ: "ತಪ್ಪು, ಮತ್ತೆ ಮಾಡು."

ಹಿಂದಿ ಬಲ್ಲ ಪಕ್ಕದ ಹುಡುಗನಿಂದ ಅರ್ಥ ಹೇಳಿಸಬಹುದು. ಆದರೆ ದಿನವೂ ಅವನೇ ದುಭಾಷಿಯಾದರೆ ಅವನ ಓದು ಕೆಡುತ್ತದೆ, ಸರದಿ ಹಾಕಿ.

ಯಾದಗಿರಿ ಕಡೆ ಮಕ್ಕಳನ್ನು ನಾವು ಮರೆತೇ ಬಿಡುತ್ತೇವೆ, ಕನ್ನಡದವರೇ ತಾನೆ ಅಂತ. "ಬ್ಯಾಡ್ರಿ" ಅಂದದ್ದಕ್ಕೆ ತರಗತಿ ನಕ್ಕ ಮೇಲೆ ಒಬ್ಬ ಹುಡುಗ ಬಾಯಿ ಮುಚ್ಚಿಬಿಟ್ಟಿದ್ದ. ಅವನ ಮೇಷ್ಟ್ರು ಬುದ್ಧಿವಂತರು. ಜೋಳದ ರೊಟ್ಟಿ ಬಡಿಯೋದು ಹೇಗೆ ತೋರಿಸು ಅಂದರು. ಮೇಜನ್ನೇ ಕೊಣಮಿಗೆ (ರೊಟ್ಟಿ ಬಡಿಯುವ ಮರದ ಪರಾತ) ಮಾಡಿಕೊಂಡು ಅವನು ಬಡಿದ ಸದ್ದಿಗೆ, ನಕ್ಕವರೇ "ಇನ್ನೊಂದ್ಸಲ ತೋರ್ಸೋ" ಅಂದರು.

ಇನ್ನು, ಹತ್ತು ವರ್ಷದ ಮಗುವನ್ನು ಕನ್ನಡ ಬರಲ್ಲ ಅಂತ ಒಂದನೇ ತರಗತಿಗೆ ಹಾಕಿದರೆ ಅದು ಮಾತಾಡುವುದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಜೊತೆಗೆ ವಿಶೇಷ ತರಬೇತಿ ಕೊಡಬೇಕು ಅನ್ನುತ್ತದೆ. ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗೂ ಇಲ್ಲ, ಅದು 5ನೇ ಸೆಕ್ಷನ್.

ಕಟ್ಟಡ ಮುಗಿದ ತಕ್ಷಣ ಈ ಕುಟುಂಬಗಳು ಹೇಳದೆ ಹೊರಟುಬಿಡುತ್ತವೆ. ಅದಕ್ಕೇ ಪ್ರತಿ ಮಗುವಿಗೂ ಒಂದು ಚೀಟಿ ಬರೆಸುತ್ತಿದ್ದೇನೆ: ಸ್ಯಾಟ್ಸ್ ಸಂಖ್ಯೆ (ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಮನೆ ಮಾತು, ಎಷ್ಟು ಓದುತ್ತದೆ, ಯಾವ ಲೆಕ್ಕ ಬರುತ್ತದೆ. ಅದರ ಫೋಟೊ ಅಪ್ಪನ ಮೊಬೈಲಿನಲ್ಲಿ ಇರಲಿ, ಶೆಡ್ ಬದಲಿಸುವಾಗ ಕಾಗದ ಕಳೆದುಹೋಗುತ್ತದೆ. ಬೇರೆ ರಾಜ್ಯಕ್ಕೆ ಹೋಗುವವರಿಗೆ ಹಿಂದಿಯಲ್ಲೂ ನಾಲ್ಕು ಸಾಲು ಬರೆದುಕೊಡಿ.