ಹರಳೆಣ್ಣೆಯೊಳಗಿನ ನೀರು

ನಮ್ಮ ಮನೆ ಮಂಗಳೂರಿನಲ್ಲಿ, ಕಡಲಿಗೆ ತೀರಾ ಹತ್ತಿರ. ಕಿಟಕಿ ಸರಳಿಗೆ ಎಷ್ಟೇ ಬಣ್ಣ ಹೊಡೆಸಿದರೂ ಎರಡು ಮಳೆಗಾಲ ದಾಟುವಷ್ಟರಲ್ಲಿ ತುಕ್ಕು. ಲ್ಯಾಬಿನಲ್ಲಿ ಹರಳೆಣ್ಣೆಗೆ ನ್ಯಾನೋ ಜೇಡಿ ಬೆರೆಸಿ ಕಬ್ಬಿಣಕ್ಕೆ ತುಕ್ಕು ತಡೆಯುವ ಕೋಟಿಂಗ್ ಮಾಡುವ ಕೆಲಸ ಬಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡದ್ದು ಅದಕ್ಕೇ.

ಅಗಸೆ ಎಣ್ಣೆ ಗಾಳಿಗೆ ತಾನೇ ಒಣಗಿ ಪದರ ಕಟ್ಟುತ್ತದೆ. ಹರಳೆಣ್ಣೆ ಕಟ್ಟುವುದಿಲ್ಲ. ಆದರೆ ಅದರಲ್ಲಿ ಮುಖ್ಯವಾಗಿರುವ ರಿಸಿನೋಲಿಕ್ ಆಮ್ಲಕ್ಕೆ ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ, ಜಲಜನಕದ ಜೋಡಿ) ಹುಟ್ಟಿನಿಂದಲೇ ಇದೆ. ಆ ಗುಂಪಿಗೆ ಕೊಂಡಿ ಹಾಕುವ ಐಸೋಸಯನೇಟ್ ಎಂಬ ರಾಸಾಯನಿಕ ಬೆರೆಸಿದರೆ ಎರಡೂ ಹೆಣೆದುಕೊಂಡು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಆಗುತ್ತದೆ. 100 ಗ್ರಾಂ ಎಣ್ಣೆಗೆ ನಾನು ಹಾಕಿದ್ದು 35 ಗ್ರಾಂ ಐಸೋಫೊರೋನ್ ಡೈಐಸೋಸಯನೇಟ್. ಇದರ ಆವಿ ಉಸಿರಿಗೆ ಕೆಟ್ಟದ್ದು. ಆವಿ ಹೊರಗೆಳೆಯುವ ಫ್ಯೂಮ್ ಹುಡ್, ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ.

ಮೊದಲ ಸಲ ಬಳಿದ ಕಬ್ಬಿಣದ ತಟ್ಟೆಯ ತುಂಬಾ ಗುಳ್ಳೆ ಎದ್ದವು. ಜುಲೈ ತಿಂಗಳು, ಹೊರಗೆ ಜಡಿಮಳೆ. ಎಣ್ಣೆಯನ್ನು ಕ್ಯಾನಿನಿಂದ ಹಾಗೇ ಸುರಿದಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಆ 100 ಗ್ರಾಂನಲ್ಲಿ 0.3 ಗ್ರಾಂ ನೀರಿದ್ದರೂ ಸಾಕು, ಐಸೋಸಯನೇಟಿನ ಹತ್ತರಲ್ಲೊಂದು ಪಾಲು ಅದಕ್ಕೇ ಹೋಗುತ್ತದೆ. ಜೊತೆಗೆ ಸುಮಾರು 400 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗುಳ್ಳೆ ಏಳದೆ ಇರುತ್ತದಾ? ಅಲ್ಲಿಂದ ಎಣ್ಣೆಯನ್ನು ವ್ಯಾಕ್ಯೂಮ್‌ನಲ್ಲಿಟ್ಟು ಬಿಸಿ ಮಾಡಿ, ನೊರೆ ಪೂರ್ತಿ ನಿಂತ ಮೇಲೆಯೇ ಬಳಸಿದೆ. ಜೇಡಿ ಪುಡಿಯನ್ನೂ ಓವನ್ನಿನಲ್ಲಿ ಒಣಗಿಸಿದೆ.

ಈ ಜೇಡಿಯೇ ನಮ್ಮ ನ್ಯಾನೋ ಭಾಗ. ಅದರ ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್. ಹಾಳೆಗಳು ಬಿಡಿಬಿಡಿಯಾಗಿ ಹರಡಿದರೆ ನೀರು, ಉಪ್ಪು ಸುತ್ತಿ ಬಳಸಿ ಕಬ್ಬಿಣ ಮುಟ್ಟಬೇಕಾಗುತ್ತದೆ. ಅಂಟಿಕೊಂಡೇ ಉಳಿದರೆ ಅದು ಸುಮ್ನೆ ಮಣ್ಣು, ಅಷ್ಟೇ. ಎಣ್ಣೆಯಲ್ಲಿ ರಾತ್ರಿಯಿಡೀ ಕಲಕಿ, ಬೆಳಿಗ್ಗೆ ಪಾತ್ರೆಯನ್ನು ಐಸ್ ನೀರಲ್ಲಿಟ್ಟು ಶಬ್ದದ ಅಲೆಗಳಿಂದ ಗಂಟು ಒಡೆಯುವ ಸೋನಿಕೇಟರ್ ಹಾಕುತ್ತಿದ್ದೆ. ಜೇಡಿ ಜಾಸ್ತಿ ಹಾಕಿದರೆ ಜಾಸ್ತಿ ರಕ್ಷಣೆ ಅಂದುಕೊಂಡು ಒಮ್ಮೆ ನೂರಕ್ಕೆ ನಾಲ್ಕು ಹಾಕಿದೆ. ಒಣಗಿದ ಪದರದ ಮೇಲೆ ಬೆರಳಾಡಿಸಿದರೆ ರವೆ ರವೆ. ಆ ಗಂಟುಗಳ ಪಕ್ಕದಲ್ಲೇ ಮೊದಲು ತುಕ್ಕು ಕಂಡಿತು. ನನ್ನ ಕೈಯಲ್ಲಿ ಚೆನ್ನಾಗಿ ಬಂದದ್ದು ನೂರಕ್ಕೆ ಎರಡು.

ತಟ್ಟೆಗಳನ್ನು ಎಮರಿ ಕಾಗದದಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ ಬಳಿದೆ. ವಾರ ಬಿಟ್ಟು ಬ್ಲೇಡಿನಿಂದ ಅಡ್ಡಗೀರು ಎಳೆದು ಉಪ್ಪು ಮಂಜಿನ ಪೆಟ್ಟಿಗೆಗೆ ಇಟ್ಟೆ. ನೂರಕ್ಕೆ ಐದರ ಉಪ್ಪುನೀರು, 35 ಡಿಗ್ರಿ. ಜೇಡಿ ಇಲ್ಲದ ತಟ್ಟೆಯಲ್ಲಿ ಗೀರಿನ ಎರಡೂ ಬದಿಗೆ ಪದರ ಎದ್ದು ಬಂತು. ನೂರಕ್ಕೆ ಎರಡು ಜೇಡಿ ಹಾಕಿದ ತಟ್ಟೆಯಲ್ಲಿ ಕೆಂಪು ತುಕ್ಕು ಗೀರಿನೊಳಗೇ ನಿಂತಿತು. ಉಗುರು ಹಾಕಿ ಎಳೆದು ನೋಡಿದೆ, ಪಕ್ಕದ ಪದರ ಅಲುಗಲಿಲ್ಲ.

ಅದರ ಜೋಡಿ ತಟ್ಟೆಯೊಂದನ್ನು ಮನೆ ಕಿಟಕಿಯ ಸರಳಿಗೆ, ಕಡಲ ಕಡೆಗೆ ಮುಖ ಮಾಡಿ ತಂತಿಯಲ್ಲಿ ಕಟ್ಟಿದ್ದೇನೆ.