ಹತ್ತಿಬಟ್ಟೆಯ ಇಂಗಾಲ, ಪುಣೆಯ ಮಳೆ

ಧಾರವಾಡದಿಂದ ನಮ್ಮ ಜೊತೆ ಪುಣೆಗೆ ಬಂದಿರುವ ಅವ್ವನಿಗೆ ಮಧುಮೇಹ. ಪಾದಗಳು ಜೋಮುಗಟ್ಟಿ, ಚಪ್ಪಲಿ ಎಲ್ಲಿ ಒತ್ತುತ್ತಿದೆ ಎಂಬುದೇ ಅವಳಿಗೆ ತಿಳಿಯುವುದಿಲ್ಲ. ಅವಳಿಗಾಗಿಯೇ ಹತ್ತಿಬಟ್ಟೆಯನ್ನು ನೈಟ್ರೋಜನ್ ಅನಿಲದಲ್ಲಿ 900 ಡಿಗ್ರಿಗೆ ಕಾಯಿಸಿ ಇಂಗಾಲವಾಗಿಸಿ, ಚಪ್ಪಲಿಯೊಳಗೆ ಇಡುವ ಒತ್ತಡದ ಸೆನ್ಸರ್‌ಗಳನ್ನು ಮಾಡಿದೆ. ಒತ್ತಿದಾಗ ಎಳೆಗಳು ಒಂದಕ್ಕೊಂದು ತಾಗಿ ವಿದ್ಯುತ್ ರೋಧ ಇಳಿಯುತ್ತದೆ.

ಬೇಸಿಗೆಯಲ್ಲಿ ಸರಿಯಾಗಿದ್ದದ್ದು ಜುಲೈ ಮಳೆಯಲ್ಲಿ ಕೈಕೊಟ್ಟಿತು. ಯಾರೂ ಕಾಲಿಡದಿದ್ದರೂ ರೋಧದ ಅಂಕಿ ಏರಿಳಿಯುತ್ತಿತ್ತು. ತಂತಿಯ ಬೆಸುಗೆಯನ್ನೇ ಅನುಮಾನಿಸಿ ಎರಡು ವಾರ ಕಳೆದೆ. ಒಂದು ಸಂಜೆ ಬಟ್ಟೆಯ ಮೇಲೆ ಬಾಗಿ ‘ಹಾ’ ಎಂದು ಉಸಿರು ಬಿಟ್ಟೆ. ರೋಧ ಅಳೆಯುವ ಮಲ್ಟಿಮೀಟರ್‌ನ ಅಂಕಿ ಆ ಕ್ಷಣವೇ ಓಡತೊಡಗಿತು! ತೇವವೇ ಕಾರಣ. ಇಂತಹ ಇಂಗಾಲದ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಗಾಳಿಯ ತೇವವನ್ನು ಹೀರುತ್ತಲೇ ಇರುತ್ತವೆ.

ತೇವ ತಡೆಯಲೆಂದು ಅವಸರದಲ್ಲಿ ರಬ್ಬರಿನಂಥ ಸಿಲಿಕೋನ್ ಸವರಿದ್ದು ತಪ್ಪಾಯಿತು, ಒಳಗಿದ್ದ ತೇವ ಅಲ್ಲೇ ಸಿಕ್ಕಿಕೊಂಡಿತು. ಎರಡನೆಯ ಬಾರಿ ಬಟ್ಟೆಯನ್ನು ರಾತ್ರಿಯಿಡೀ 105 ಡಿಗ್ರಿಯಲ್ಲಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಆರಿಸಿ, ಆಮೇಲೆ ತೆಳುಮಾಡಿದ ಸಿಲಿಕೋನ್‌ನಲ್ಲಿ ಅದ್ದಿದೆ. ನಿರ್ವಾತದಲ್ಲಿಟ್ಟು ಗುಳ್ಳೆ ತೆಗೆದು, 80 ಡಿಗ್ರಿಯಲ್ಲಿ ಎರಡು ಗಂಟೆ ಗಟ್ಟಿಯಾಗಲು ಬಿಟ್ಟೆ. ತಂತಿ ಹೊರಬರುವ ಬಾಯನ್ನು ಮಾತ್ರ ಮರೆಯದೆ ಮುಚ್ಚಬೇಕು. ಅಲ್ಲಿಂದಲೂ ತೇವ ನುಗ್ಗುತ್ತದೆ.

ಈ ಸೆನ್ಸರನ್ನು ಒದ್ದೆ ಬಟ್ಟೆಯ ಜೊತೆ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೂ ಅಂಕಿ ಹೆಚ್ಚುಕಡಿಮೆ ನಿಂತಲ್ಲೇ ಇತ್ತು. ಹಗುರ ಸ್ಪರ್ಶವನ್ನು ಈಗ ಮೊದಲಿನಷ್ಟು ಗುರುತಿಸುವುದಿಲ್ಲ, ಆದರೆ ಪಾದದ ಭಾರಕ್ಕೆ ಸಾಕು. ಮೊನ್ನೆ ಅವ್ವ ನಡೆದಾಗ ಎಡ ಹೆಬ್ಬೆರಳಿನ ಬುಡದಲ್ಲಿ ಒತ್ತಡ ಹೆಚ್ಚಿರುವುದು ಕಂಡಿತು. ಅದೇ ಸಂಜೆ ಪುಣೆಯದೇ ಬಡಾವಣೆ ಕೋಥರೂಡಿಗೆ ಹೋಗಿ ಚಪ್ಪಲಿ ಬದಲಿಸಿದೆವು.