ಥೈರಾಯ್ಡ್ ಮಾತ್ರೆ ನಿಂತಿತು: ಕಬ್ಬಿಣ ಇಳಿಸಿದ ನನ್ನ ಅನುಭವ

ನನಗೆ ಥಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ. ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕು, ಆ ರಕ್ತದ ಕಬ್ಬಿಣ ಗ್ರಂಥಿ, ಹೃದಯ, ಯಕೃತ್ತಿನಲ್ಲಿ ಕೂತು ಹಾಳು ಮಾಡುತ್ತೆ. ಮೊದಲು ಫಲಿತಾಂಶ ಹೇಳಿಬಿಡುತ್ತೇನೆ. ಒಂಬತ್ತು ವರ್ಷ ನುಂಗಿದ ಥೈರಾಯ್ಡ್ ಮಾತ್ರೆ ನಿಲ್ಲಿಸಿ ಎರಡು ವರ್ಷ ಆಗುತ್ತಾ ಬಂತು, ಟಿಎಸ್‌ಎಚ್ (ಥೈರಾಯ್ಡ್ ಸೋತರೆ ಏರುವ ಹಾರ್ಮೋನು) 3ರ ಆಸುಪಾಸಿನಲ್ಲೇ, ಸರಿಯಾಗಿಯೇ ಇದೆ. ಗ್ಲೂಕೋಸ್ ಕುಡಿಸಿ ಮಾಡುವ ಶುಗರ್ ಟೆಸ್ಟ್‌ನಲ್ಲಿ ಎರಡು ಗಂಟೆಯ ಅಂಕಿ 180 ಚಿಲ್ಲರೆ ಇದ್ದದ್ದು ಈಗ 120ರ ಹತ್ತಿರ. "ಗ್ರಂಥಿಗೆ ಕಬ್ಬಿಣ ಕೂತರೆ ಮುಗೀತು, ಇನ್ನು ಜೀವನಪೂರ್ತಿ ಮಾತ್ರೆನೇ" ಅಂತ ಕನಿಷ್ಠ ನಾಲ್ಕು ಜನ ಡಾಕ್ಟರು ಹೇಳಿದ್ದರು. ನನ್ನ ಪಕ್ಕದ ಬೆಡ್ಡಿನಲ್ಲಿ ರಕ್ತ ಹಾಕಿಸಿಕೊಳ್ಳುವ ಗೆಳೆಯರೂ ನಂಬಲಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ವಯಸ್ಸು 34. ರಕ್ತ, ಕಬ್ಬಿಣ ಇಳಿಸುವ ಔಷಧಿಯನ್ನು ಚರ್ಮದಡಿಗೆ ಹರಿಸುವ ಪಂಪ್, ಮೈಯ ಕಬ್ಬಿಣದ ಅಂದಾಜು ಕೊಡುವ ಫೆರಿಟಿನ್ ಪರೀಕ್ಷೆ ಇವೆಲ್ಲ ನಿಮಗೂ ಗೊತ್ತಿರುವ ಕಥೆ, ಅದನ್ನು ಬಿಡುತ್ತೇನೆ. ನಾನು ಮಾಡಿದ ದೊಡ್ಡ ತಪ್ಪು ಫೆರಿಟಿನ್ ಒಂದನ್ನೇ ನಂಬಿದ್ದು. 1900 ಇತ್ತು. 2500 ದಾಟಿದರೆ ಅಪಾಯ ಅಂತ ಎಲ್ಲೋ ಕೇಳಿದ್ದೆ, ಹಾಗಾಗಿ ನಾನು ಆರಾಮ ಅಂದುಕೊಂಡಿದ್ದೆ. ಥೈರಾಯ್ಡ್ ಆಗಲೇ ಹೋಗಿತ್ತು, ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಹದಿನೆಂಟನೇ ವಯಸ್ಸಿನಿಂದ ನಡೀತಿತ್ತು, ಆದರೂ ಅವು ಹಳೇ ಕಾಲದ ಪಾಪ, ಈಗ ಹೊಸದೇನೂ ಆಗಲ್ಲ ಅನ್ನೋ ಧೈರ್ಯ.

ಆ ಧೈರ್ಯ ಕರಗಿದ್ದು ಒಂದು ಬೆಳಿಗ್ಗೆ, ರಕ್ತ ಹಾಕುವ ಮುಂಚೆ ಬಿಪಿ ನೋಡುವಾಗ. ಸಿಸ್ಟರ್ ಪಟ್ಟಿ ಸುತ್ತಿ ಗಾಳಿ ತುಂಬಿದರು, ಯಾರೋ ಕರೆದರು ಅಂತ ಹಾಗೇ ಬಿಟ್ಟು ಆ ಕಡೆ ಹೋದರು. ಎರಡು ಮೂರು ನಿಮಿಷ ಆಗಿರಬೇಕು. ನನ್ನ ಕೈ ತಾನೇ ಮಡಚಿಕೊಂಡಿತು. ಮಣಿಕಟ್ಟು ಒಳಕ್ಕೆ ಬಾಗಿತು, ಹೆಬ್ಬೆರಳು ಅಂಗೈಗೆ ಒರಗಿತು, ಉಳಿದ ಬೆರಳು ನೆಟ್ಟಗೆ ಒಂದಕ್ಕೊಂದು ಅಂಟಿ ನಿಂತವು, ಚಿಟಿಕೆ ಉಪ್ಪು ಹಿಡಿದ ಹಾಗೆ. ಬಿಡಿಸಲು ಹೋದರೆ ಆಗಲಿಲ್ಲ. ಆ ದಿನದ ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, 6.8, ರಂಜಕ ಜಾಸ್ತಿ, ಕ್ಯಾಲ್ಸಿಯಂ ಮಟ್ಟ ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಿಂಗಳುಗಟ್ಟಲೆ ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಮು ಜುಮು ಅನ್ನುತ್ತಿತ್ತು, ಅದು ನಿದ್ದೆ ಇಲ್ಲದ್ದಕ್ಕೆ ಅಂತ ಸುಮ್ನೆ ಇದ್ದೆ. ನಿಮಗೂ ಹಾಗೆ ಆಗ್ತಿದ್ದರೆ ಇವತ್ತೇ ಕ್ಯಾಲ್ಸಿಯಂ ನೋಡಿಸಿ.

ಆಮೇಲೆ ಎಲ್ಲಾ ಪರೀಕ್ಷೆ ಮಾಡಿಸಿದೆ. ಎಂಆರ್‌ಐನಲ್ಲಿ ಯಕೃತ್ತಿನ ಕಬ್ಬಿಣ ಗ್ರಾಂಗೆ 17 ಮಿ.ಗ್ರಾಂ, ಹೃದಯದ ಟಿ2 ಸ್ಟಾರ್ (ಕಬ್ಬಿಣ ಹೆಚ್ಚಿದಷ್ಟೂ ಇಳಿಯುವ ಅಳತೆ) 14. ಹೃದಯಕ್ಕೆ 20ಕ್ಕಿಂತ ಮೇಲಿರಬೇಕು, ಯಕೃತ್ತಿಗೆ 7ಕ್ಕಿಂತ ಕೆಳಗೆ. ಫೆರಿಟಿನ್ 1900 ಅನ್ನೋದು ಇದರಲ್ಲಿ ಏನನ್ನೂ ಹೇಳಿರಲಿಲ್ಲ. ಶುಗರ್‌ದೂ ಅದೇ ಕಥೆ. ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 5.3 ಬಂದಿತ್ತು, ಚೆನ್ನಾಗಿದೆ ಅಂದಿದ್ದರು. ಆದರೆ ನಮ್ಮ ಮೈಯಲ್ಲಿ ಓಡಾಡುವ ಕೆಂಪು ಕಣಗಳು ಬೇರೆಯವರದು, ಅದೂ ನಾಲ್ಕು ವಾರದ ಹಿಂದೆ ಬಂದದ್ದು, ಅದರಲ್ಲಿ ನನ್ನ ಮೂರು ತಿಂಗಳ ಶುಗರ್ ಹೇಗೆ ಗೊತ್ತಾಗುತ್ತೆ? ಹಟ ಮಾಡಿ 75 ಗ್ರಾಂ ಗ್ಲೂಕೋಸ್ ಕುಡಿದು ಟೆಸ್ಟ್ ಮಾಡಿಸಿದೆ. ಎರಡು ಗಂಟೆಗೆ 184. ಇನ್ನು 16 ಹೆಚ್ಚಿದ್ದರೆ ಡಯಾಬಿಟಿಸ್ ಅಂತಲೇ ಬರೆದುಬಿಡುತ್ತಿದ್ದರು.

ಗ್ರೀಸ್‌ನ ವೈದ್ಯರು 2010ರಲ್ಲಿ ಪ್ರಕಟಿಸಿದ ಒಂದು ವರದಿ ಆಗ ಕೈಗೆ ಸಿಕ್ಕಿತು. ಥಲಸ್ಸೇಮಿಯಾ ಇರುವ 52 ಜನರಿಗೆ ಕಬ್ಬಿಣ ಹೊರಹಾಕುವ ಎರಡು ಔಷಧಿ, ಹಗಲು ಡೆಫೆರಿಪ್ರೋನ್ ಮಾತ್ರೆ, ರಾತ್ರಿ ಡೆಸ್ಫೆರಾಲ್ ಪಂಪ್, ಎರಡೂ ಸೇರಿಸಿ ವರ್ಷಗಟ್ಟಲೆ ಕೊಟ್ಟು ಕಬ್ಬಿಣವನ್ನು ಆರೋಗ್ಯವಂತರ ಮಟ್ಟಕ್ಕೇ ಇಳಿಸಿದ್ದರು. ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದನ್ನು ನಿಲ್ಲಿಸಿದ್ದರು. ಪ್ರಿಂಟ್ ತೆಗೆದು ಡಾಕ್ಟರ ಮುಂದೆ ಇಟ್ಟೆ. "ನೋಡಿ, ಇದು ಎಲ್ಲರಿಗೂ ಆಗಲ್ಲ, ನಿಮಗೆ ಅಷ್ಟು ಶಿಸ್ತು ಇರುತ್ತಾ?" ಅಂದರು. ಅದಕ್ಕೂ ಮುಂಚೆ ಕಬ್ಬಿಣ ಇಳಿಸುವ ಇನ್ನೊಂದು ಮಾತ್ರೆ ಡೆಫೆರಾಸಿರಾಕ್ಸ್‌ನಲ್ಲಿದ್ದೆ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ 0.6ರಿಂದ 1.0ಕ್ಕೆ ಏರಿ ಡೋಸ್ ಇಳಿಸಬೇಕಾಗಿ ಬಂದಿತ್ತು. ಅದು ಕೆಲಸ ಮಾಡಲಿಲ್ಲ ಅಂತಲ್ಲ, ನನಗೆ ಸಾಲುವಷ್ಟು ಡೋಸ್ ಮುಟ್ಟಲಾಗಲಿಲ್ಲ. ಕೊನೆಗೆ ಆರು ತಿಂಗಳು ನೋಡೋಣ ಅಂತ ಒಪ್ಪಿದರು.

ಮೊದಲ ವರ್ಷ ಬರೀ ಸೋಲು. ದುಡ್ಡಿಲ್ಲದೆ ಬೈಕ್ ಮಾರಿ ಯಾರೋ ಬಳಸಿದ ಪಂಪ್ ತಗೊಂಡೆ. ಹತ್ತು ಗಂಟೆ ಓಡಬೇಕಾದದ್ದು ನಾಲ್ಕೇ ಗಂಟೆಯಲ್ಲಿ ಖಾಲಿ ಮಾಡುತ್ತಿತ್ತು. ಹೊಟ್ಟೆಯ ಮೇಲೆ ಕೆಂಪಗೆ ಗಂಟು, ತುರಿಕೆ. ಔಷಧಿ ಕಡಿಮೆ ನೀರಿನಲ್ಲಿ ಕಲಸುತ್ತಿದ್ದದ್ದೂ ಒಂದು ಕಾರಣ. 500 ಮಿ.ಗ್ರಾಂಗೆ 5 ಮಿ.ಲೀ. ಪೂರ್ತಿ ಹಾಕಿದ ಮೇಲೆ ಗಂಟು ಅರ್ಧ ಇಳಿಯಿತು. ರಾತ್ರಿ ಎರಡಕ್ಕೆ "ರೀ, ಪಂಪ್ ಕೂಗ್ತಿದೆ" ಅಂತ ಹೆಂಡತಿ ಎಬ್ಬಿಸದ ದಿನವೇ ಇರಲಿಲ್ಲ. ಔಷಧಿ, ಸೂಜಿ, ಪ್ರತಿ ವಾರದ ರಕ್ತ ಪರೀಕ್ಷೆ ಸೇರಿ ನನ್ನ ಸಂಬಳದ ಅರ್ಧದಷ್ಟು ಇದಕ್ಕೇ ಹೋಗುತ್ತಿತ್ತು. ಎಂಆರ್‌ಐ ತಿಂಗಳು ಸಾಲ. ಡೆಫೆರಿಪ್ರೋನ್ ಬಿಳಿ ರಕ್ತಕಣ ಇಳಿಸಬಹುದು ಅಂತ ಪ್ರತಿ ವಾರ ಮಾಡಿಸುವ ಕೌಂಟ್ ದುಡ್ಡು ದಂಡ ಅನಿಸುತ್ತಿತ್ತು, ಎರಡು ವಾರಕ್ಕೊಮ್ಮೆ ಮಾಡೋಣ ಅಂದುಕೊಂಡೂ ಇದ್ದೆ. ಏಳನೇ ತಿಂಗಳು ಬಿಳಿ ಕಣದಲ್ಲಿ ಸೋಂಕಿನೊಂದಿಗೆ ಹೋರಾಡುವ ನ್ಯೂಟ್ರೋಫಿಲ್ 1100ಕ್ಕೆ ಇಳಿಯಿತು. 1500ಕ್ಕಿಂತ ಕೆಳಗೆ ಹೋದರೆ ನಿಲ್ಲಿಸಬೇಕು. ಡಾಕ್ಟರು ಅವತ್ತೇ ಡೆಫೆರಿಪ್ರೋನ್ ನಿಲ್ಲಿಸಿದರು, ಕೌಂಟ್ ಮೇಲೆ ಬಂದ ಮೇಲೆ ಅವರ ಕಣ್ಣೆದುರೇ ಮತ್ತೆ ಶುರು. 500ಕ್ಕಿಂತ ಕೆಳಗೆ ಹೋಗಿದ್ದರೆ ಆ ಮಾತ್ರೆ ಮತ್ತೆ ಮುಟ್ಟುವ ಹಾಗಿರಲಿಲ್ಲ. ಈ ಮಾತ್ರೆಯಲ್ಲಿರುವಾಗ ಜ್ವರ ಬಂದರೆ ಮನೆಯಲ್ಲಿ ಕಾಯಬೇಡಿ, ಮಾತ್ರೆ ನಿಲ್ಲಿಸಿ ಸೀದಾ ಹೋಗಿ ಕೌಂಟ್ ಮಾಡಿಸಿ.

ಇನ್ನೊಂದು ಎಡವಟ್ಟು. ಕ್ಯಾಲ್ಸಿಯಂ ಮಾತ್ರೆ ಶುರುವಾದ ಮೇಲೆ ಟಿಎಸ್‌ಎಚ್ 9ಕ್ಕೆ ಜಿಗಿಯಿತು. ಎಲ್ಲರೂ "ನೋಡಿದ್ಯಾ, ಇನ್ನೂ ಹಾಳಾಗ್ತಿದೆ" ಅಂದರು. ನಾನು ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಎರಡನ್ನೂ ಬೆಳಿಗ್ಗೆ ಒಟ್ಟಿಗೇ ನುಂಗುತ್ತಿದ್ದೆ, ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಮೈಗೆ ಹತ್ತಲು ಬಿಡುತ್ತಿರಲಿಲ್ಲ. ನಾಲ್ಕು ಗಂಟೆ ಅಂತರ ಕೊಟ್ಟ ಮೇಲೆ ಎರಡು ತಿಂಗಳಲ್ಲಿ ಸರಿಹೋಯಿತು. ಇದನ್ನು ನಾನೇ ಕಂಡುಹಿಡಿದೆ, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ನಡುವೆ ಒಂದಷ್ಟು ಪ್ರಯೋಗ ಮಾಡಿದೆ. ಔಷಧಿ ಹೊರಹಾಕುವ ಕಬ್ಬಿಣದಿಂದ ಮೂತ್ರ ಕೆಂಪಗಾಗುತ್ತೆ ಅಂತ ಅದನ್ನು ಸಣ್ಣ ಬಾಟಲಿಗಳಲ್ಲಿ ತುಂಬಿ, ತಾರೀಖು ಅಂಟಿಸಿ, ಬಾತ್‌ರೂಮಿನ ಕಿಟಕಿಯಲ್ಲಿ ಸಾಲಾಗಿ ಇಟ್ಟು ಬಣ್ಣ ನೋಡುತ್ತಿದ್ದೆ. ಮೂರು ತಿಂಗಳು ಮಾಡಿದೆ. ಎರಡೂ ಔಷಧಿ ಇರುವಾಗ ಬಣ್ಣ ನೋಡಿ ಕಬ್ಬಿಣ ಎಷ್ಟು ಹೋಯ್ತು ಅಂತ ಹೇಳಲು ಬರಲ್ಲ, ಆದರೆ ಮಧ್ಯಾಹ್ನದ ಮಾತ್ರೆ ತಪ್ಪಿದ ದಿನ ಮಾತ್ರ ಬಣ್ಣ ಪೇಲವವಾಗಿ ಸಿಕ್ಕಿಬೀಳುತ್ತಿತ್ತು. ವಿಟಮಿನ್ ಸಿ ಜಾಸ್ತಿ ತಗೊಂಡರೆ ಕಬ್ಬಿಣ ಬೇಗ ಹೋಗುತ್ತೆ ಅಂತ 500ರ ಮಾತ್ರೆ ನುಂಗಿದ್ದು ಮಾತ್ರ ದೊಡ್ಡ ತಪ್ಪು. ಎದೆ ಡವಡವ ಅಂದಿತು. ಹೃದಯದಲ್ಲಿ ಕಬ್ಬಿಣ ಇರುವಾಗ ಅದು ಅಪಾಯ. ಈಗ ಕೆಜಿಗೆ 2 ಮಿ.ಗ್ರಾಂ ಲೆಕ್ಕ, ಅದೂ ಪಂಪ್ ಶುರುವಾದ ಮೇಲೆ.

ಎರಡನೇ ವರ್ಷದ ಕೊನೆಗೆ ಹೃದಯದ ಟಿ2 ಸ್ಟಾರ್ 20 ದಾಟಿತು. ಯಕೃತ್ತು 5ಕ್ಕೆ ಬಂದಾಗ ಎಲ್ಲರೂ ಸಾಕು ಅಂದರು. ನಾನು ನಿಲ್ಲಿಸಲಿಲ್ಲ, ನನ್ನ ಗೆಲುವಿಗೆ ಅದೇ ಕಾರಣ ಅಂತ ನಂಬಿದ್ದೇನೆ. 5 ಇರುವಾಗ ಹಾರ್ಮೋನು ಒಂದೂ ಅಲ್ಲಾಡಿರಲಿಲ್ಲ. ಯಕೃತ್ತು 2ರ ಹತ್ತಿರ, ಫೆರಿಟಿನ್ 300ರ ಒಳಗೆ ಬಂದು ಒಂದು ವರ್ಷ ಹಾಗೇ ನಿಂತ ಮೇಲೆ ಮೊದಲು ಶುಗರ್ ಇಳಿಯಿತು, ಆಮೇಲೆ ಥೈರಾಯ್ಡ್. 100 ಮೈಕ್ರೋಗ್ರಾಂ ಇದ್ದದ್ದು 75, 50, 25 ಅಂತ ಮೆಟ್ಟಿಲು ಇಳಿದ ಹಾಗೆ, ಪ್ರತಿ ಸಲ ಟಿಎಸ್‌ಎಚ್ ನೋಡಿಕೊಂಡು. ಕಬ್ಬಿಣ ಕಡಿಮೆ ಆದ ಹಾಗೆಲ್ಲ ಪಂಪಿನ ಡೋಸ್ ಕೂಡ ಇಳಿಸಲೇಬೇಕು, ಇಲ್ಲದಿದ್ದರೆ ಕಿವಿ, ಕಣ್ಣಿಗೆ ಹೊಡೆತ. ದಿನದ ಸರಾಸರಿ ಡೋಸನ್ನು, ಅಂದರೆ ಕೆಜಿಗೆ ಎಷ್ಟು ಮಿ.ಗ್ರಾಂ ಅನ್ನೋದನ್ನು, ಫೆರಿಟಿನ್‌ನಿಂದ ಭಾಗಿಸಿದರೆ 0.025ಕ್ಕಿಂತ ಕಡಿಮೆ ಬರಬೇಕು. ಕಿವಿ ಪರೀಕ್ಷೆ ವರ್ಷಕ್ಕೆ ಒಂದು ಸಲ ಸಾಕು ಅಂತಾರೆ, ನಾನು ಆ ಹಂತದಲ್ಲಿ ಆರು ತಿಂಗಳಿಗೊಮ್ಮೆ ಮಾಡಿಸಿದೆ.

ನನ್ನ ಎರಡು ಔಷಧಿಯ ಡೋಸ್ ಎಷ್ಟು ಅಂತ ಕೇಳಬೇಡಿ, ಬರೆಯಲ್ಲ. ಯಾರೋ ಅದನ್ನೇ ನಕಲು ಮಾಡಿ ಕೌಂಟ್ ನೋಡಿಸದೆ ಕೂತರೆ ಜೀವಕ್ಕೇ ಬರುತ್ತೆ. ವಾರಕ್ಕೆ ಆರು ರಾತ್ರಿ ಚುಚ್ಚಿಯೂ ಗಂಟು ಬಾರದ ಹಾಗೆ ಸೂಜಿ ಹಾಕುವ ನನ್ನದೊಂದು ರೀತಿ ಇದೆ, ಅದನ್ನೂ ಎದುರು ಕೂತು ತೋರಿಸುತ್ತೇನೆಯೇ ಹೊರತು ಬರೆಯಲ್ಲ.

ಎಲ್ಲವೂ ವಾಪಸ್ ಬರಲಿಲ್ಲ. ಪ್ಯಾರಾಥೈರಾಯ್ಡ್ ಹೋದದ್ದು ಹೋಯಿತು, ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಒಂದು ರೂಪ) ಇವತ್ತಿಗೂ ಬೇಕು. ಟೆಸ್ಟೋಸ್ಟಿರೋನ್ ಅರ್ಧದಾರಿಯಲ್ಲಿದೆ. ಇಂಜೆಕ್ಷನ್ ಮೂರು ತಿಂಗಳು ಬಿಟ್ಟು ನೋಡಿದಾಗ ನನ್ನದೇ 220 ಇತ್ತು, ಹಿಂದೆ ಹಾಗೆ ಬಿಟ್ಟಾಗ 80ರ ಮೇಲೆ ಹೋಗಿರಲಿಲ್ಲ. ಸಾಲದು, ಆದರೆ ಟೆಸ್ಟೋಸ್ಟಿರೋನ್ ಮಾಡಲು ಆಜ್ಞೆ ಕೊಡುವ ಮಿದುಳಿನ ಪಿಟ್ಯುಟರಿ ಗ್ರಂಥಿ ಪೂರ್ತಿ ಸತ್ತಿಲ್ಲ ಅಲ್ವಾ? ಬರುವ ತಿಂಗಳು ಮತ್ತೆ ಇಂಜೆಕ್ಷನ್ ಬಿಟ್ಟು ಆ ಗ್ರಂಥಿಯ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಸಮೇತ ನೋಡುವುದು ಅಂತ ಡಾಕ್ಟರು ಒಪ್ಪಿದ್ದಾರೆ. ಈ ಸಲ ಅವರೇ ಮೊದಲು ಕೇಳಿದರು.